‘ಇಂದ’ ಮತ್ತು ‘ಗಾಗಿ’

ನಾವೆಲ್ಲ ನಕ್ಷತ್ರಗಳ ಧೂಳಿನಿಂದ ಆದವರು ಎಂಬ ಮಾತು ಈಗ ಯಾರಿಗೂ ಹೊಸದಲ್ಲ. ಪಿಯುಸಿ ಹುಡುಗರ ವಾಟ್ಸಾಪ್ ಸ್ಟೇಟಸ್‌ನಿಂದ ಹಿಡಿದು ವಿಜ್ಞಾನ ದಿನಾಚರಣೆಯ ಭಾಷಣದವರೆಗೆ ಎಲ್ಲ ಕಡೆ ಓಡಾಡಿಕೊಂಡಿದೆ. ಮಾತು ನಿಜವೂ ಹೌದು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ನಾವು ಹುಟ್ಟಲಿ ಎಂದು ನಕ್ಷತ್ರವೊಂದು ಪ್ರಾಣತ್ಯಾಗ ಮಾಡಿತು. ಮೊದಲನೆಯ ಮಾತಿಗೆ ತಲೆಯಾಡಿಸುವ ನಾನು ಎರಡನೆಯದು ಬಂದಾಗ ಸುಮ್ಮನಾಗುತ್ತೇನೆ. ಎರಡೂ ಒಂದೇ ಮಾತು, ಒಂದು ಸ್ವಲ್ಪ ಕಾವ್ಯವಾಗಿದೆ ಅಷ್ಟೇ ಎಂದು ಕೇಳುವವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ.

ಉ, ಅನ್ನು, ಇಂದ, ಗೆ ಎಂದು ಪ್ರೈಮರಿ ಶಾಲೆಯಲ್ಲಿ ನಾವೆಲ್ಲ ವಿಭಕ್ತಿ ಪ್ರತ್ಯಯಗಳನ್ನು ರಾಗವಾಗಿ ಬಾಯಿಪಾಠ ಮಾಡಿದವರು. ಮೇಲಿನ ಮೊದಲ ಮಾತಿನಲ್ಲಿರುವುದು ‘ಇಂದ’. ನಕ್ಷತ್ರದಿಂದ ನಾವು. ಎರಡನೆಯದರಲ್ಲಿರುವುದು ‘ಗೆ’ಯಿಂದ ಬೆಳೆದ ‘ಗಾಗಿ’. ನಮಗಾಗಿ ನಕ್ಷತ್ರ. ಒಂದು ಪ್ರತ್ಯಯದಿಂದ ಇನ್ನೊಂದಕ್ಕೆ ಜಿಗಿಯುವಾಗ ನಾವು ಏನನ್ನು ದಾಟುತ್ತೇವೆ, ಹಾಗೆ ದಾಟುವ ಹಕ್ಕು ನಮಗಿದೆಯೇ ಎಂಬುದು ಈ ಬರಹದ ಪ್ರಶ್ನೆ.

ನಾನು ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದು, ಅಲ್ಲೇ ಭೌತಶಾಸ್ತ್ರ ಕಲಿಸುತ್ತಿರುವವಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಹೆಸರುಗಳನ್ನು ಒಟ್ಟಿಗೆ ಹೇಳಿದರೆ ಹೊರಗಿನವರಿಗೆ ನೆನಪಾಗುವುದು ಬರ, ಬಂಡೆ, ಕಡಲೆಕಾಯಿ. ಸಂಜೆ ಹೊತ್ತು ನಾನು ಮಾಡುವ ಕೆಲಸ ಸೂಪರ್‌ನೋವಾ ಅವಶೇಷಗಳಿಂದ ಬಂದ ಕ್ಷ-ಕಿರಣಗಳ ದತ್ತಾಂಶವನ್ನು ಓದುವುದು. ಇದಕ್ಕೆ ದೊಡ್ಡ ದೂರದರ್ಶಕ ಬೇಕಿಲ್ಲ. ಅಮೆರಿಕದ ಚಂದ್ರಾ ವೀಕ್ಷಣಾಲಯದ ದತ್ತಾಂಶ, ಒಂದು ಅವಧಿ ಕಳೆದ ಮೇಲೆ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿರುತ್ತದೆ. ನಮ್ಮ ಆಸ್ಟ್ರೋಸ್ಯಾಟ್‌ನ ದತ್ತಾಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೋದ ಕೇಂದ್ರದ ಮೂಲಕ ಸಿಗುತ್ತದೆ. ಕರೆಂಟು ಇರಬೇಕು, ನೆಟ್‌ವರ್ಕ್ ಇರಬೇಕು, ತಾಳ್ಮೆ ಇರಬೇಕು, ಅಷ್ಟೇ.

ಆಕಾಶದಿಂದ ಬರುವ ಕ್ಷ-ಕಿರಣ ನೆಲಕ್ಕೆ ತಲುಪುವುದಿಲ್ಲ. ಗಾಳಿಯ ಹೊದಿಕೆ ಅದನ್ನು ಹೀರಿಬಿಡುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಗೆ ಹತ್ತಿ ಕುಳಿತರೂ ಒಂದು ಕಿರಣ ಕೈಗೆ ಸಿಗದು. ಆದ್ದರಿಂದ ಈ ವಿದ್ಯೆ ಹುಟ್ಟಿದ್ದೇ ರಾಕೆಟ್ಟು ಬಂದ ಮೇಲೆ. 1054ರಲ್ಲಿ ಚೀನಾದ ಆಕಾಶ ವೀಕ್ಷಕರು ಹಗಲಲ್ಲೂ ಕಾಣುವ ‘ಅತಿಥಿ ನಕ್ಷತ್ರ’ವೊಂದನ್ನು ಬರೆದಿಟ್ಟಿದ್ದರು. ಅದು ಸಿಡಿದ ಜಾಗದಲ್ಲಿ ಇವತ್ತು ಏಡಿ ನೀಹಾರಿಕೆ ಇದೆ. 1964ರ ಜುಲೈನಲ್ಲಿ ಚಂದ್ರ ಆ ನೀಹಾರಿಕೆಯ ಮುಂದೆ ಹಾದುಹೋಗುವ ಹೊತ್ತಿಗೆ ಸರಿಯಾಗಿ ಒಂದು ರಾಕೆಟ್ಟನ್ನು ಹಾರಿಸಿದರು. ಅದಕ್ಕೆ ಸಿಕ್ಕಿದ್ದು ಕೆಲವೇ ನಿಮಿಷ. ಚಂದ್ರ ಮುಚ್ಚುತ್ತಾ ಹೋದಂತೆ ಕ್ಷ-ಕಿರಣ ದೀಪ ಆರಿಸಿದ ಹಾಗೆ ಥಟ್ಟನೆ ನಿಲ್ಲಲಿಲ್ಲ, ಮೆಲ್ಲಮೆಲ್ಲಗೆ ಕಡಿಮೆಯಾಯಿತು. ಅಂದರೆ ಅದು ಬರುತ್ತಿದ್ದದ್ದು ಒಂದು ಚುಕ್ಕಿಯಿಂದಲ್ಲ, ಹರಡಿಕೊಂಡ ಅವಶೇಷದಿಂದ.

ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳು ತುಮಕೂರು ರಸ್ತೆಯಲ್ಲಿ ಪೀಣ್ಯವನ್ನು ಹಾದುಹೋಗುತ್ತವೆ. ಅಲ್ಲಿಯ ಶೆಡ್ಡುಗಳಲ್ಲೇ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು. 1975ರ ಏಪ್ರಿಲ್ 19ರಂದು ಅದು ಮೇಲೆ ಹೋದಾಗ ಅದರೊಳಗಿದ್ದ ಮೂರು ಪ್ರಯೋಗಗಳಲ್ಲಿ ಒಂದು ಕ್ಷ-ಕಿರಣ ಖಗೋಳದ್ದು. ನಾಲ್ಕು ದಿನಕ್ಕೆ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು. ಆದರೆ ಕೆಲಸ ನಿಲ್ಲಲಿಲ್ಲ. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಹೋಯಿತು. 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಹೋಯಿತು, ಅದರ ಮುಖ್ಯ ಉಪಕರಣ ಪೋಲಿಕ್ಸ್ ಅನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಏಡಿ ನೀಹಾರಿಕೆಯ ಕ್ಷ-ಕಿರಣಗಳು ಯಾವ ದಿಕ್ಕಿಗೆ ಕಂಪಿಸುತ್ತವೆ ಎಂಬುದನ್ನು ಆಸ್ಟ್ರೋಸ್ಯಾಟ್ ಅಳೆದಿದೆ.

ಇನ್ನು ನಾನು ಹೆಚ್ಚು ಹೊತ್ತು ಕಳೆಯುವ ಅವಶೇಷದ ವಿಚಾರ. ಅದರ ಹೆಸರು ಕ್ಯಾಸಿಯೋಪಿಯಾ ಎ, ಸುಮಾರು 11,000 ಬೆಳಕಿನ ವರ್ಷ ದೂರ. ನವೆಂಬರ್ ಡಿಸೆಂಬರ್ ತಿಂಗಳ ಮುಸ್ಸಂಜೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಆ ನಕ್ಷತ್ರಪುಂಜ ಇಂಗ್ಲಿಷಿನ ಎಂ ಅಕ್ಷರದಂತೆ ಕಾಣುತ್ತದೆ, ಅವಶೇಷ ಮಾತ್ರ ಬರಿಗಣ್ಣಿಗೆ ಕಾಣುವುದಿಲ್ಲ. ಅದು ಸಿಡಿದ ಬೆಳಕು ಭೂಮಿಗೆ ಮುಟ್ಟಿದ್ದು ಹದಿನೇಳನೇ ಶತಮಾನದ ಉತ್ತರಾರ್ಧದಲ್ಲಿ. 1687ರಲ್ಲಿ ಶಿರಾ ಮೊಗಲರ ಕೈಸೇರಿ ಒಂದು ಸುಬಾದ ರಾಜಧಾನಿಯಾಯಿತಲ್ಲ, ಹೆಚ್ಚುಕಡಿಮೆ ಆ ಕಾಲ. ಆ ಬೆಳಕನ್ನು ಇಂಥವರು ಇಂಥ ದಿನ ಕಂಡರು ಎಂದು ಖಚಿತವಾಗಿ ಹೇಳುವ ದಾಖಲೆ ಜಗತ್ತಿನಲ್ಲೆಲ್ಲೂ ಇಲ್ಲ. ಸಾವಿಗೆ ಸಾಕ್ಷಿಯಿಲ್ಲ, ಇರುವುದು ಉಳಿಕೆ ಮಾತ್ರ.

ಆ ಉಳಿಕೆಯನ್ನು ಓದುವ ಬಗೆ ಹೀಗೆ. ಸಿಡಿದ ನಕ್ಷತ್ರದ ಒಡಲು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹೊರಗೆ ನುಗ್ಗುತ್ತದೆ. ಸುತ್ತಲಿನ ತೆಳು ಅನಿಲಕ್ಕೆ ಬಡಿದಾಗ ಏಳುವ ಆಘಾತದ ಅಲೆ ಅದನ್ನು ಕೋಟಿಗಟ್ಟಲೆ ಡಿಗ್ರಿಗೆ ಕಾಯಿಸುತ್ತದೆ. ಅಷ್ಟು ಕಾದ ವಸ್ತು ಬೆಳಗುವುದು ಕ್ಷ-ಕಿರಣದಲ್ಲಿ. ಪ್ರತಿ ಮೂಲವಸ್ತುವಿಗೂ ಅದರದೇ ಶಕ್ತಿಯ ಕಿರಣವಿದೆ. ಸಿಲಿಕಾನ್ ಆದರೆ 1.86 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ, ಕಬ್ಬಿಣವಾದರೆ 6.7ರ ಹತ್ತಿರ. ಉಪಕರಣ ಒಂದೊಂದೇ ಕಿರಣವನ್ನು ಎಣಿಸಿ, ಎಲ್ಲಿಂದ ಬಂತು, ಯಾವಾಗ ಬಂತು, ಎಷ್ಟು ಶಕ್ತಿಯದು ಎಂದು ಬರೆದಿಡುತ್ತದೆ. ಇದು ಸಂತೆಯಿಂದ ತಂದ ಕಾಳನ್ನು ಮೊರದಲ್ಲಿ ಹರಡಿಕೊಂಡು ಆರಿಸಿದ ಹಾಗೆ. ಒಂದು ಕಾಳಿನಿಂದ ಏನೂ ತಿಳಿಯುವುದಿಲ್ಲ. ರಾಶಿಯಾದ ಮೇಲೆ, ಇಲ್ಲಿ ಗಂಧಕ ಇಷ್ಟಿದೆ, ಅಲ್ಲಿ ಕ್ಯಾಲ್ಸಿಯಂ ಅಷ್ಟಿದೆ ಎಂದು ಹೇಳಬಹುದು.

1999ರ ಆಗಸ್ಟ್‌ನಲ್ಲಿ ಚಂದ್ರಾ ವೀಕ್ಷಣಾಲಯ ಬಿಡುಗಡೆ ಮಾಡಿದ ಮೊದಲ ಚಿತ್ರವೇ ಈ ಕ್ಯಾಸಿಯೋಪಿಯಾ ಎ. ಅದರ ನಡುವೆ, ಅದುವರೆಗೆ ಯಾರೂ ಕಂಡಿರದ ಒಂದು ಚುಕ್ಕಿ ಇತ್ತು, ಸತ್ತ ನಕ್ಷತ್ರದ ಕುಸಿದ ತಿರುಳು. ಮುಂದೆ ಇನ್ನೊಂದು ಸಂಗತಿ ತಿಳಿಯಿತು. ಕಬ್ಬಿಣ ತಯಾರಾಗುವುದು ನಕ್ಷತ್ರದ ತೀರಾ ಒಳಗೆ, ಸಿಲಿಕಾನ್ ಅದರ ಹೊರಗೆ. ಆದರೆ ಅವಶೇಷದ ಒಂದು ಭಾಗದಲ್ಲಿ ಕಬ್ಬಿಣ ಸಿಲಿಕಾನನ್ನು ದಾಟಿ ಆಚೆ ಹೋಗಿ ಕುಳಿತಿತ್ತು. ಸಿಡಿಯುವಾಗ ಒಡಲು ಒಳಗು ಹೊರಗಾಗಿತ್ತು. ಭೂಮಿಯ 20,000 ಪಟ್ಟು ತೂಕದ ಸಿಲಿಕಾನ್, 70,000 ಪಟ್ಟು ಕಬ್ಬಿಣ, 10 ಲಕ್ಷ ಪಟ್ಟು ಆಮ್ಲಜನಕ ಅದರಿಂದ ಚೆಲ್ಲಿಹೋಗಿದೆ ಎಂಬುದು ನಾಸಾದವರ ಅಂದಾಜು.

ಈ ಅಂಕಿಗಳನ್ನು ನೋಡಿದಾಗ ಯಾರಿಗಾದರೂ ಮನಸ್ಸು ತುಂಬಿಬರುತ್ತದೆ. ನಮ್ಮ ಮಧುಗಿರಿ ಪಾವಗಡದ ಬಂಡೆಗಳು ಬಹುಪಾಲು ಸಿಲಿಕಾನ್ ಮತ್ತು ಆಮ್ಲಜನಕ. ರಾಮನಗರದಿಂದ ಪಾವಗಡದ ಕಡೆ ಹಾದುಹೋಗುವ ಗ್ರಾನೈಟ್ ಪಟ್ಟಿ ಗಟ್ಟಿಯಾಗಿ ಸುಮಾರು 250 ಕೋಟಿ ವರ್ಷವಾಯಿತು. ಆದರೆ ಅದರೊಳಗಿನ ಪರಮಾಣುಗಳು ಅದಕ್ಕೂ ಹಳೆಯವು, ಸೂರ್ಯನಿಗಿಂತ ಹಳೆಯವು. ನಮ್ಮ ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು. ಒಬ್ಬ ಮನುಷ್ಯನ ಮೈಯಲ್ಲಿರುವ ಮೂರು ನಾಲ್ಕು ಗ್ರಾಂ ಕಬ್ಬಿಣವೂ ಎಂದೋ ಸಿಡಿದ ಯಾವುದೋ ನಕ್ಷತ್ರಗಳದ್ದು. ಇಷ್ಟೂ ‘ಇಂದ’. ಇಲ್ಲಿಯವರೆಗೆ ವಿಜ್ಞಾನ ನಮ್ಮ ಜೊತೆಗಿದೆ.

‘ಗಾಗಿ’ ಎಂಬಲ್ಲಿಗೆ ಬಂದಾಗ ಅದು ಕೈಬಿಡುತ್ತದೆ. 6.7ರ ಹತ್ತಿರ ಬಿದ್ದ ಕಿರಣಗಳ ರಾಶಿ ಅಲ್ಲಿ ಕಬ್ಬಿಣವಿದೆ ಎನ್ನುತ್ತದೆ. ಎಷ್ಟು ಬಿಸಿ, ಎಷ್ಟು ವೇಗ ಎನ್ನುತ್ತದೆ. ಯಾರಿಗಾಗಿ ಎನ್ನುವುದಿಲ್ಲ. ನಾವು ಹೇಳಿಸಬೇಕೆಂದರೂ ಹೇಳುವುದಿಲ್ಲ. ನಕ್ಷತ್ರ ಸಿಡಿದದ್ದು ತನ್ನ ತೂಕವನ್ನು ತಾನೇ ತಡೆದುಕೊಳ್ಳಲಾರದೆ.

ಇನ್ನೊಂದು ಮಾತನ್ನೂ ನೋಡಬೇಕು. ನನ್ನ ತರಗತಿಯ ಹುಡುಗಿಯರಲ್ಲಿ ಹಲವರಿಗೆ ರಕ್ತಹೀನತೆ. ಶಾಲೆಯಲ್ಲಿದ್ದಾಗ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ನುಂಗಿ ಬಂದವರು ಅವರು. ಪ್ರಾರ್ಥನೆಗೆ ನಿಂತಾಗ ಕಣ್ಣು ಕತ್ತಲೆ ಬಂದು ಕುಸಿಯುವವರನ್ನು ನಾನು ಬಲ್ಲೆ. ಒಂದು ನಕ್ಷತ್ರ ಎಪ್ಪತ್ತು ಸಾವಿರ ಭೂಮಿಗಳಷ್ಟು ಕಬ್ಬಿಣ ಚೆಲ್ಲಿದ ಈ ವಿಶ್ವದಲ್ಲಿ ಒಬ್ಬ ಹುಡುಗಿಯ ನೆತ್ತರಿಗೆ ಅರ್ಧ ಗ್ರಾಂ ಕಬ್ಬಿಣ ಸಾಲದೆ ಬಂದಿದೆ. ನಕ್ಷತ್ರ ‘ನಮಗಾಗಿ’ ಸತ್ತಿತು ಎಂದರೆ ಈ ‘ನಾವು’ ಯಾರು ಎಂದು ಅವಳು ಕೇಳಬಹುದು. ‘ಗಾಗಿ’ ಎಂಬ ಮಾತಿಗೆ ಹಂಚಿಕೆಯ ಲೆಕ್ಕ ಬೇಡ. ಎಲ್ಲವನ್ನೂ ಕೊಟ್ಟಾಯಿತು, ಎಲ್ಲರಿಗೂ ಮುಟ್ಟಿತು ಎಂಬಂತೆ ಅದು ಕೇಳಿಸುತ್ತದೆ. ಹಂಚಿಕೆಯಲ್ಲಿ ಯಾರ ಕೈಗೂ ಮುಟ್ಟದೆ ಹೋದದ್ದನ್ನು ಅದು ಮರೆಸುತ್ತದೆ.

ಇಷ್ಟಕ್ಕೆ ಯಾಕಿಷ್ಟು ತಕರಾರು, ಸತ್ತ ನಕ್ಷತ್ರಕ್ಕೆ ಯಾವ ಮಾತಿನಿಂದ ನೋವಾಗುತ್ತದೆ ಎಂದು ಕೇಳಬಹುದು. ನಕ್ಷತ್ರಕ್ಕೆ ಆಗುವುದಿಲ್ಲ, ಸರಿ. ಆದರೆ ಮಾತಿಗೆ ರೂಢಿ ಎಂಬುದೊಂದಿದೆ. ನಕ್ಷತ್ರದ ಮೇಲೆ ಸಲೀಸಾಗಿ ಬಳಸಿದ್ದನ್ನು ನಾವು ಮನುಷ್ಯರ ಮೇಲೂ ಅಷ್ಟೇ ಸಲೀಸಾಗಿ ಬಳಸುತ್ತೇವೆ. ಅಥವಾ, ನನ್ನ ಅನುಮಾನವೇನೆಂದರೆ, ಮನುಷ್ಯರ ಮೇಲೆ ಬಳಸಿ ಬಳಸಿ ನುಣುಪಾದ ಮಾತನ್ನೇ ನಕ್ಷತ್ರಕ್ಕೂ ಕೊಂಡೊಯ್ದಿದ್ದೇವೆ.

ಕನ್ನಡ ಬಲ್ಲವರಿಗೆ ಇಲ್ಲಿ ಎರಡು ಹಾಡುಗಳು ತಾವಾಗಿ ನೆನಪಾಗುತ್ತವೆ. ಒಂದು ಗೋವಿನ ಹಾಡು, ಇನ್ನೊಂದು ಕೆರೆಗೆ ಹಾರ. ಪುಣ್ಯಕೋಟಿ ಹುಲಿಯ ಎದುರು ಕೊಟ್ಟ ಮಾತಿಗೆ ಕರುವನ್ನು ಬಿಟ್ಟು ಮರಳಿ ಬರುತ್ತದೆ. ಬರದೇ ಇರಬಹುದಿತ್ತು. ಕರು ಹೋಗಬೇಡವೆಂದೇ ಹೇಳುತ್ತದೆ. ತಪ್ಪಿಸಿಕೊಳ್ಳುವ ದಾರಿ ಎದುರಿಗೇ ಇದ್ದಾಗಲೂ ಅದು ಹುಲಿಯ ಗವಿಯ ಕಡೆ ನಡೆಯಿತು. ಆದ್ದರಿಂದ ಅದಕ್ಕೆ ತ್ಯಾಗ ಎಂದು ಹೆಸರಿಟ್ಟರೆ ಹೆಸರು ಒಪ್ಪುತ್ತದೆ.

ಭಾಗೀರಥಿಯದು ಬೇರೆ. ಊರಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ, ಸೊಸೆಯನ್ನು ಹಾರ ಕೊಡಬೇಕೆಂದು ಶಾಸ್ತ್ರ ಬಂತು, ಹಿರಿಯ ಸೊಸೆಯರನ್ನು ಬಿಟ್ಟು ಕಿರಿಯವಳ ಹೆಸರು ನಿಂತಿತು. ಹಾಗೆಂದು ತೀರ್ಮಾನ ಮಾಡಿದವರಲ್ಲಿ ಅವಳಿಲ್ಲ, ಅವಳ ಗಂಡನೂ ಇಲ್ಲ, ಅವನು ದಂಡಿನಲ್ಲಿದ್ದ. ಸುದ್ದಿ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಯಾಕಮ್ಮ ಕಣ್ಣೀರು ಎಂದರೆ ತಂದೆ ತಾಯಿಗೂ ನಿಜ ಹೇಳಲಾರಳು. ಗೆಳತಿಯೊಬ್ಬಳ ಹತ್ತಿರ ಬಾಯಿಬಿಟ್ಟು ಮರಳುತ್ತಾಳೆ, ಮನೆಗೆಲಸ ಮಾಡುತ್ತಾಳೆ, ಕೆರೆಗೆ ಹೋಗುತ್ತಾಳೆ. ತಿಳಿದೇ ಹೋದಳು, ನಿಜ. ಆದರೆ ತಿಳಿದು ಹೋಗುವುದೂ ಒಪ್ಪಿ ಹೋಗುವುದೂ ಒಂದೇ ಅಲ್ಲ. ಬೇರೆ ದಾರಿಯೇ ಇಲ್ಲದವಳು ನಡೆದ ದಾರಿಗೆ ಆಯ್ಕೆ ಎಂದು ಕರೆಯಲಾಗದು. ಹಾಡು ಕಟ್ಟಿದವರಿಗೆ ಇದು ಗೊತ್ತಿತ್ತು ಎಂದೇ ನನಗನಿಸುವುದು. ಅದಕ್ಕೇ ಕೆರೆ ತುಂಬಿದ ಸಂಭ್ರಮದಲ್ಲಿ ಹಾಡು ಮುಗಿಯುವುದಿಲ್ಲ, ಗಂಡ ಬಂದು ಅದೇ ಕೆರೆಗೆ ಬೀಳುವಲ್ಲಿ ಮುಗಿಯುತ್ತದೆ.

ನಮ್ಮ ಸೀಮೆಯ ಹೊಲದ ಬದುಗಳಲ್ಲಿ, ಗುಡಿಯ ಹಿಂದೆ, ಕೆರೆ ಏರಿಯ ಮೇಲೆ ನಿಂತಿರುವ ಕಲ್ಲುಗಳೂ ಇದೇ ಪ್ರಶ್ನೆ ಕೇಳುತ್ತವೆ. ವೀರಗಲ್ಲಿನಲ್ಲಿ ಕೆಳಗೆ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ, ಅದಕ್ಕೂ ಮೇಲೆ ಸೂರ್ಯ ಚಂದ್ರರು. ಸೂರ್ಯಚಂದ್ರರಿರುವವರೆಗೂ ಈ ಹೆಸರು ನಿಲ್ಲಲಿ ಎಂಬ ಆಸೆ. ತುರುಗಳನ್ನು ಬಿಡಿಸಲು ಹೋಗಿ ಸತ್ತವನು ಯಾವುದಕ್ಕಾಗಿ ಸತ್ತ ಎಂಬುದನ್ನು ಕಂಡ ಊರಿತ್ತು. ಕತ್ತಿ ಹಿಡಿದು ಹೊರಟದ್ದು ಅವನು. ಅಲ್ಲಿಯ ‘ಗಾಗಿ’ಗೆ ಸಾಕ್ಷಿ ಇದೆ. ಅದರ ಪಕ್ಕದಲ್ಲೇ ಎಷ್ಟೋ ಕಡೆ ಮಾಸ್ತಿಕಲ್ಲು ಇರುತ್ತದೆ. ಕಂಬದಿಂದ ಹೊರಟ ಒಂದು ತೋಳು, ಬಳೆ ತೊಟ್ಟದ್ದು, ಅಂಗೈ ನಮ್ಮ ಕಡೆ. ಗಂಡನ ಚಿತೆಯೇರಿದವಳು. ಕಲ್ಲು ನಿಲ್ಲಿಸಿದವರು ಉಳಿದವರು. ಅವಳು ಸಂತೋಷದಿಂದ ಹೋದಳೆಂದು ಹೇಳಿದವರೂ ಉಳಿದವರೇ. ಎತ್ತಿದ ಆ ಕೈ ಹರಸುತ್ತಿದೆ ಎಂದು ಓದುವುದು ವಾಡಿಕೆ. ತಡೆಯುತ್ತಿರಲೂಬಹುದು. ಕಲ್ಲಿನಿಂದ ಅದು ತಿಳಿಯುವಂತಿಲ್ಲ. ತಿಳಿಯದ ಕಡೆ ಹರಕೆ ಎಂದೇ ಓದಿಕೊಳ್ಳುವುದರಲ್ಲಿ ನಮಗೊಂದು ಅನುಕೂಲವಿದೆ, ಆ ಅನುಕೂಲವನ್ನೇ ನಾನು ಅನುಮಾನಿಸುವುದು.

ಕಲ್ಲಿನ ಕಾಲ ಮುಗಿಯಿತು ಎಂದುಕೊಳ್ಳಬೇಕಿಲ್ಲ. ಪಾವಗಡದ ತಿರುಮಣಿಯ ಸುತ್ತ ಐದು ಗ್ರಾಮಗಳ 13,000 ಎಕರೆಯಲ್ಲಿ ಇವತ್ತು 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆ. ಜಮೀನನ್ನು ಕೊಂಡದ್ದಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಬೀಜದ ದುಡ್ಡೂ ಹುಟ್ಟದಿದ್ದ ಎಷ್ಟೋ ಮನೆಗಳಿಗೆ ಅದು ನೆಮ್ಮದಿಯ ವ್ಯವಹಾರ. ಅವರನ್ನು ಕೇಳಿದರು, ಅವರು ಲೆಕ್ಕ ಹಾಕಿ ಒಪ್ಪಿದರು. ಆದರೆ ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದವರು, ಬೀಳುಗಳಲ್ಲಿ ಕುರಿ ಮೇಯಿಸುತ್ತಿದ್ದವರು ಗುತ್ತಿಗೆ ಪತ್ರದಲ್ಲಿ ಎಲ್ಲೂ ಇಲ್ಲ. ಅವರ ಕೂಲಿ ಹೋಯಿತು, ಮೇವು ಹೋಯಿತು. ನಾಡಿನ ಬೆಳಕಿಗಾಗಿ ಪಾವಗಡದ ತ್ಯಾಗ ಎಂದು ಯಾರಾದರೂ ಭಾಷಣದಲ್ಲಿ ಹೇಳುವಾಗ ಆ ತ್ಯಾಗದಲ್ಲಿ ಇವರನ್ನೂ ಸೇರಿಸಿಯೇ ಹೇಳುತ್ತಾರೆ. ಕೇಳದೆ ತೆಗೆದುಕೊಂಡದ್ದು ಭಾಷಣ ಮುಗಿಯುವ ಹೊತ್ತಿಗೆ ಅವರೇ ಕೊಟ್ಟದ್ದಾಗಿರುತ್ತದೆ. ಇದು ಸೌರವಿದ್ಯುತ್ ಬೇಡವೆಂಬ ವಾದವಲ್ಲ. ಕಳೆದುಕೊಂಡವರ ಲೆಕ್ಕವನ್ನು ಕೊಟ್ಟವರ ಲೆಕ್ಕಕ್ಕೆ ಬರೆಯಬಾರದು ಎಂಬುದಷ್ಟೇ.

ನನ್ನ ಮನೆಯದೇ ಒಂದು ಸಂಗತಿ ಹೇಳಬೇಕು. ಅಪ್ಪನ ಅಕ್ಕ, ನನ್ನ ಸೋದರತ್ತೆ, ಕೊರಟಗೆರೆ ಕಡೆಯ ಹಳ್ಳಿಯವಳು. ಏಳನೇ ಕ್ಲಾಸು ಪಾಸಾದ ವರ್ಷ ಬರ ಬಿದ್ದಿತ್ತು. ಹೈಸ್ಕೂಲು ದೂರವಿತ್ತು, ಮನೆಯಲ್ಲಿ ಕುರಿಗಳಿದ್ದವು, ಹಿಂದೆ ಇಬ್ಬರು ತಮ್ಮಂದಿರಿದ್ದರು. ಅತ್ತೆ ಕುರಿ ಹಿಂದೆ ಹೋದಳು. ತಮ್ಮಂದಿರು ಓದಿದರು. ಅಪ್ಪ ಮೇಷ್ಟರಾದರು, ಅವರ ಮಗಳು ನಾನು ಎಂಎಸ್ಸಿ ಮಾಡಿದೆ, ನಕ್ಷತ್ರಗಳ ಉಳಿಕೆ ಓದುವವಳಾದೆ. ಮದುವೆ ಮುಂಜಿ ಗೃಹಪ್ರವೇಶ ಏನೇ ಇರಲಿ, ಅತ್ತೆ ಬಂದು ಕೂತರೆ ಯಾರಾದರೂ ಒಬ್ಬರು ಹೇಳುತ್ತಾರೆ: ‘ಈಯಮ್ಮ ಅವತ್ತು ಸ್ಕೂಲು ತ್ಯಾಗ ಮಾಡ್ಲಿಲ್ಲ ಅಂದಿದ್ರೆ ಈ ಮನೆ ಇಷ್ಟು ಉದ್ಧಾರ ಆಗ್ತಿತ್ತಾ?’ ಅತ್ತೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಾಳೆ. ಅದು ಸಂಕೋಚ ಎಂದು ಎಲ್ಲರೂ ತಿಳಿದಿದ್ದರು.

ಮೂರು ವರ್ಷದ ಹಿಂದೆ ತಾತನ ಹೆಸರಿನಲ್ಲೇ ಉಳಿದಿದ್ದ ನಾಲ್ಕು ಎಕರೆ ಖುಷ್ಕಿಯನ್ನು ಗಂಡುಮಕ್ಕಳ ಹೆಸರಿಗೆ ಮಾಡಿಸುವ ಮಾತು ಬಂತು. ಪತ್ರ ಬರೆಯುವವರ ಹತ್ತಿರ ಹಕ್ಕು ಖುಲಾಸೆ ಪತ್ರ ಬರೆಸಿಕೊಂಡು ಚಿಕ್ಕಪ್ಪ ಅತ್ತೆಯ ಮನೆಗೆ ಹೊರಟರು, ಜೊತೆಗೆ ಅಪ್ಪ ಮತ್ತು ನಾನು. ಕಾಫಿ ಆಯಿತು. ಕಾಗದ ಮುಂದಿಟ್ಟರು. ಅತ್ತೆ ಅದನ್ನು ನನ್ನ ಕೈಗೆ ಕೊಟ್ಟು, ‘ಅದೇನ್ ಬರ್ದವ್ರೆ ಓದವ್ವ’ ಅಂದಳು. ಓದಿದೆ. ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ, ಸಹೋದರರ ಮೇಲಿನ ಪ್ರೀತಿ ವಿಶ್ವಾಸದಿಂದ ಎಂದೆಲ್ಲ ಇತ್ತು.

‘ಸ್ವಇಚ್ಛೆ ಅಂದ್ರೆ?’

‘ನಿನಗೇ ಮನಸ್ಸಾಗಿ ಕೊಡೋದು ಅತ್ತೆ.’

ಚಿಕ್ಕಪ್ಪ ನಗುತ್ತಾ, ‘ಅಕ್ಕ ಯಾವತ್ತು ನಮಗೆ ಇಲ್ಲ ಅಂದವ್ಳೆ? ಸ್ಕೂಲೇ ಬಿಟ್ಕೊಟ್ಟೋಳು’ ಅಂದರು.

ಅತ್ತೆ ಸಿಟ್ಟಾಗಲಿಲ್ಲ. ‘ಸ್ಕೂಲ್ ನಾನ್ ಬಿಟ್ಕೊಡ್ಲಿಲ್ಲ ಕಣಪ್ಪ. ಬಿಡ್ಸಿದ್ರು, ಬಿಟ್ಟೆ. ಅವತ್ತು ಯಾರೂ ಕಾಗ್ದ ತಂದು ಕೇಳ್ಲಿಲ್ಲ. ಇವತ್ತು ಕೇಳ್ತಾ ಇದೀರ. ಕೇಳಿದ್ಮೇಲೆ ಯೋಚ್ನೆ ಮಾಡಿ ಹೇಳ್ಬೇಕಲ್ವಾ?’ ಅಂದಳು. ಕಾಗದ ಮಡಿಸಿ ರೇಷನ್ ಕಾರ್ಡ್ ಇಡುವ ಟ್ರಂಕಿನಲ್ಲಿಟ್ಟಳು. ಇವತ್ತಿಗೂ ಅದು ಅಲ್ಲೇ ಇದೆ, ಸಹಿಯಿಲ್ಲದೆ. ಚಿಕ್ಕಪ್ಪ ಅತ್ತೆಯ ಮನೆಗೆ ಹೋಗುವುದು ಕಡಿಮೆಯಾಗಿದೆ. ಅಪ್ಪ ತಮ್ಮ ಭಾಗದ ಮಾತನ್ನು ಎತ್ತುವುದಿಲ್ಲ.

ಬಿಡ್ಸಿದ್ರು, ಬಿಟ್ಟೆ. ಇಡೀ ತ್ಯಾಗದ ಮಾತನ್ನು ಈ ಎರಡು ಪದ ತೊಡೆದುಹಾಕುತ್ತವೆ. ಮನೆಯವರು ಸುಳ್ಳು ಹೇಳಿದ್ದರೆ? ಇಲ್ಲ. ಅತ್ತೆ ಬಿಟ್ಟ ಶಾಲೆಯಿಂದ ಅಪ್ಪನ ಓದು, ಅಪ್ಪನ ಓದಿನಿಂದ ನನ್ನದು. ಅದೆಲ್ಲ ಸರಿಯಾದ ‘ಇಂದ’. ಅವರು ಅದನ್ನು ‘ಗಾಗಿ’ ಮಾಡಿದರು. ಹಾಗೆ ಮಾಡಿದ್ದರಿಂದ ಎರಡು ಲಾಭ ಸಿಕ್ಕಿತು. ಹಿಂದಿನದಕ್ಕೆ ಉತ್ತರ ಕೊಡಬೇಕಿರಲಿಲ್ಲ, ಏಕೆಂದರೆ ಅದನ್ನು ಅವಳೇ ಕೊಟ್ಟದ್ದು. ಮುಂದಿನದನ್ನೂ ಕೇಳಬಹುದಿತ್ತು, ಏಕೆಂದರೆ ಅವಳು ಕೊಡುವವಳು. ಒಮ್ಮೆ ತ್ಯಾಗಮಯಿ ಎಂದು ಹೆಸರಾದವರ ಹತ್ತಿರ ಮತ್ತೆ ಮತ್ತೆ ಕೇಳಲು ಯಾರಿಗೂ ನಾಚಿಕೆಯಾಗುವುದಿಲ್ಲ.

ಇಲ್ಲಿಂದ ನನಗೆ ಒಂದು ನಿಯಮ ಕಾಣುತ್ತದೆ. ‘ನಿಮಗಾಗಿ ಬಿಟ್ಟೆ’ ಎಂದು ಬಿಟ್ಟವರು ಹೇಳಬಹುದು. ‘ನಿಮ್ಮಿಂದ ಪಡೆದೆ’ ಎಂದು ಪಡೆದವರು ಹೇಳಬಹುದು. ಪಡೆದವರೇ ಎದ್ದು ನಿಂತು ‘ನಮಗಾಗಿ ಬಿಟ್ಟರು’ ಎನ್ನುವುದಾದರೆ ಬಿಟ್ಟವರ ಬಾಯಿಂದ ಆ ಮಾತು ಬಂದಿರಬೇಕು, ಇಲ್ಲವೇ ವೀರಗಲ್ಲಿನ ಊರಿನ ಹಾಗೆ ಹೊರಟದ್ದನ್ನು ಕಂಡಿರಬೇಕು. ನಾಳೆ ಅತ್ತೆಯೇ, ಹೋಗಲಿ ಬಿಡವ್ವ, ನೀವೆಲ್ಲ ಓದಿದಿರಲ್ಲ, ಅಷ್ಟಕ್ಕಾಯಿತು ಎಂದರೆ ಆ ಅರ್ಥ ಅವಳದು, ಅವಳಿಂದ ಕಿತ್ತುಕೊಳ್ಳಲು ನಾನು ಯಾರು? ಮನುಷ್ಯರು ಆದ ನಷ್ಟಕ್ಕೆ ಆಮೇಲೆ ಒಂದು ಅರ್ಥ ಕಟ್ಟಿಕೊಳ್ಳುತ್ತಾರೆ. ಕಟ್ಟಿಕೊಳ್ಳುವವರು ಅವರಾಗಿರಬೇಕು, ನಾವಲ್ಲ. ನಕ್ಷತ್ರಕ್ಕಂತೂ ‘ನಾನು’ ಎಂಬುದೇ ಇಲ್ಲ. ಆದ್ದರಿಂದ ಅದರ ಪರವಾಗಿ ‘ಗಾಗಿ’ ಹೇಳಬಲ್ಲವರು ಯಾರೂ ಇಲ್ಲ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ. ತ್ಯಾಗ ಎಂಬ ಮಾತನ್ನು ತೆಗೆದರೆ ಕೃತಜ್ಞತೆಯೂ ಹೋಗುವುದಿಲ್ಲವೇ? ಬೇಕೆಂದು ಕೊಡದವರಿಗೆ ನಾವೇಕೆ ಉಪಕಾರ ಸ್ಮರಿಸಬೇಕು? ನಕ್ಷತ್ರ ಬರೀ ಸಿಡಿಯಿತು, ಅತ್ತೆಯನ್ನು ಬರೀ ಬಿಡಿಸಿದರು ಎಂದಾದರೆ ಪಡೆದವರು ಕೈತೊಳೆದುಕೊಂಡು ಹೋಗಬಹುದಲ್ಲ?

ಇದಕ್ಕೆ ನಮ್ಮ ಭಾಷೆಯಲ್ಲೇ ಉತ್ತರವಿದೆ. ಕನ್ನಡದಲ್ಲಿ ಋಣ ಎಂಬ ಮಾತಿದೆ. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ ಎನ್ನುತ್ತೇವೆ. ಒಂದೂರಿನಲ್ಲಿ ಕೆಲಸ ಮುಗಿಸಿ ಹೊರಡುವವರು ಈ ಊರಿನ ನೀರಿನ ಋಣ ತೀರಿತು ಎನ್ನುತ್ತಾರೆ. ಆ ನೀರು ಇವರಿಗಾಗಿ ಬತ್ತಿತೆಂದು ಯಾರೂ ಹೇಳುವುದಿಲ್ಲ. ಋಣಕ್ಕೆ ಕೊಟ್ಟವರ ಉದ್ದೇಶ ಬೇಕಿಲ್ಲ, ಪಡೆದದ್ದು ನಿಜವಾದರೆ ಸಾಕು. ಅಂದರೆ ಋಣ ‘ಇಂದ’ದ ಮೇಲೆಯೇ ನಿಲ್ಲುತ್ತದೆ, ‘ಗಾಗಿ’ಯ ಆಸರೆ ಅದಕ್ಕೆ ಬೇಡ. ಇನ್ನೂ ಒಂದು ವ್ಯತ್ಯಾಸವಿದೆ. ತ್ಯಾಗ ಎಂದಾಗ ಭಾರ ಬೀಳುವುದು ಹೋದವರ ಮೇಲೆ, ಅವರು ದೊಡ್ಡವರಾಗುತ್ತಾರೆ, ನಮ್ಮ ಲೆಕ್ಕ ಮುಗಿಯುತ್ತದೆ. ಋಣ ಎಂದಾಗ ಭಾರ ಇರುವವರ ಮೇಲೆ, ಲೆಕ್ಕ ತೆರೆದೇ ಇರುತ್ತದೆ. ಭಾಗೀರಥಿಯನ್ನು ತ್ಯಾಗಮಯಿ ಎಂದರೆ ಕೆರೆಗೆ ಪೂಜೆ ಮಾಡಿ ಮನೆಗೆ ಹೋಗಬಹುದು. ಋಣ ಎಂದರೆ ಮುಂದಿನ ಸಲ ಕೆರೆಗೆ ನೀರು ಬಾರದಿದ್ದಾಗ ಯಾರ ಮನೆಯ ಹುಡುಗಿಯ ಹೆಸರು ಬರುತ್ತದೆ ಎಂದು ಎಚ್ಚರವಾಗಿರಬೇಕಾಗುತ್ತದೆ.

ಅತ್ತೆಯ ಋಣ ಎಂದರೆ ಸಮಾರಂಭದಲ್ಲಿ ಹೊದಿಸುವ ಶಾಲು ಅಲ್ಲ, ನಾಲ್ಕು ಎಕರೆಯಲ್ಲಿ ಅವಳ ಪಾಲು. ಕೂಲಿ ಕಳೆದುಕೊಂಡವರ ಋಣ ಎಂದರೆ ಹೊಗಳಿಕೆಯಲ್ಲ, ಬೇರೆ ದುಡಿಮೆ. ರಕ್ತ ಕಡಿಮೆಯಿರುವ ಹುಡುಗಿಗೆ ನಕ್ಷತ್ರದ ಕಥೆಯಷ್ಟೇ ಸಾಲದು, ತಟ್ಟೆಯಲ್ಲಿ ಸೊಪ್ಪು ಕಾಳು ಬೀಳಬೇಕು.

ನಕ್ಷತ್ರದ ಋಣವನ್ನು ತೀರಿಸುವುದು ಹೇಗೆ ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದ. ತಮಾಷೆಗೆ ಕೇಳಿದ್ದು, ಆದರೂ ಪ್ರಶ್ನೆ ಚೆನ್ನಾಗಿತ್ತು. ಹಿಂದಕ್ಕೆ ಕೊಡಲು ಅಲ್ಲಿ ಯಾರೂ ಇಲ್ಲ. ನನಗೆ ತೋರುವ ಒಂದು ದಾರಿ, ಅದು ಉಳಿಸಿಹೋದದ್ದನ್ನು ಇದ್ದಹಾಗೆ ಓದುವುದು. ಎಣಿಸಿದ ಕಿರಣ ಎಷ್ಟ��, ಅದರಲ್ಲಿ ಎಷ್ಟು ತಪ್ಪಿರಬಹುದು ಎಂದು ಪಕ್ಕದಲ್ಲೇ ಬರೆಯುವುದು. ಅವಶೇಷ ಹೇಳದ್ದನ್ನು ಹೇಳಿತು ಎನ್ನದಿರುವುದು. ಕ್ಷ-ಕಿರಣದ ರೋಹಿತವನ್ನು ಓದುವವರಿಗೆ ಇದು ದಿನದ ಕಸುಬು. ಮನುಷ್ಯರ ಉಳಿಕೆಯನ್ನು ಓದುವಾಗಲೂ ಅಷ್ಟೇ ಎಚ್ಚರ ಇದ್ದರೆ ನಮ್ಮ ಚರಿತ್ರೆ, ನಮ್ಮ ಮನೆಮಾತು, ನಮ್ಮ ಸನ್ಮಾನ ಪತ್ರಗಳು ಬೇರೆ ಥರ ಇರುತ್ತಿದ್ದವು.

ಕ್ಯಾಸಿಯೋಪಿಯಾ ಎ ಚೆಲ್ಲಿದ ಕಬ್ಬಿಣ ನಮ್ಮದಲ್ಲ. ನಮ್ಮ ಮೈಯಲ್ಲಿರುವುದು ಅದಕ್ಕಿಂತ ಬಹಳ ಹಿಂದೆ ಸಿಡಿದವುಗಳದ್ದು. ಅದರ ಕಬ್ಬಿಣ ಈಗಲೂ ಹೊರಗೆ ಹರಡುತ್ತಲೇ ಇದೆ, ಯಾರ ಕಡೆಗೂ ಅಲ್ಲ. ಎಷ್ಟೋ ಕೋಟಿ ವರ್ಷದ ಮೇಲೆ ಯಾವುದಾದರೂ ನೆಲದಲ್ಲಿ, ಯಾರದಾದರೂ ನೆತ್ತರಲ್ಲಿ ಅದು ಸೇರಬಹುದು, ಸೇರದೆಯೂ ಇರಬಹುದು. ಬೇಕೇ ಎಂದು ಅದು ಯಾರನ್ನೂ ಕೇಳುವುದಿಲ್ಲ, ಕೊಡುತ್ತೀಯಾ ಎಂದು ಅದನ್ನು ಯಾರೂ ಕೇಳಲಿಲ್ಲ. ಕೇಳುವ ಶಕ್ತಿ ಅಲ್ಲೆಲ್ಲೂ ಇಲ್ಲ. ಇರುವುದು ಇಲ್ಲಿ, ನಮ್ಮ ನಡುವೆ. ಕಾಗದ ತರುವ ಮೊದಲೇ ಅದನ್ನು ಬಳಸುವುದು ಒಳ್ಳೆಯದು.